ಮೊದಲು ನಿಲ್ಲುವ ಜಾಗ, ಆಮೇಲೆ ಲೆನ್ಸ್

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಗಳು ನೀಡಿದ ಉಪನ್ಯಾಸಗಳಲ್ಲೊಂದರ ಬರಹರೂಪ)



ಸಾಫ್ಟ್‌ವೇರ್ ಕೆಲಸ ಹೇಗೆ ಸಿಗುತ್ತದೆ ಎಂಬ ಬಗ್ಗೆ ಮಾತಾಡಿ ಎಂದು ಸಮಿತಿಯವರು ಫೋನ್ ಮಾಡಿದ್ದರು. ಅದನ್ನು ಹೇಳಲು ಇಲ್ಲಿ ನನಗಿಂತ ಜಾಣರು ಇದ್ದಾರೆ. ನಾನು ಬಿಇ ಮುಗಿಸಿ ಬೆಂಗಳೂರಿಗೆ ಹೋಗಿ, ಎರಡನೇ ವರ್ಷದ ಬೋನಸ್ಸಿನಲ್ಲಿ ಒಂದು ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡವನು. ಅಂದಿನಿಂದ ಊರಿಗೆ ಬಂದಾಗಲೆಲ್ಲ ಹಂಪಿ, ಸಂಡೂರು, ಕಂಪ್ಲಿ ಎಂದು ಬೈಕಿನಲ್ಲಿ ಸುತ್ತುತ್ತೇನೆ. ಈಗ ನಿಮ್ಮಲ್ಲಿ ಅನೇಕರ ಮನೆಯಲ್ಲಿ ಎರಡು ಮೂರು ಕಣ್ಣಿರುವ ಮೊಬೈಲ್ ಇದೆ. ಆ ಒಂದೊಂದು ಕಣ್ಣೂ ಒಂದೊಂದು ಲೆನ್ಸ್. ಯಾವುದಕ್ಕೆ ಯಾವುದನ್ನು ಬಳಸಬೇಕು ಎಂಬುದನ್ನು ಹೇಳಲು ಬಂದಿದ್ದೇನೆ. ಇದು ನಿಮ್ಮ ಹತ್ತನೇ ತರಗತಿಯ ಬೆಳಕಿನ ಪಾಠ, ಜೊತೆಗೆ ಸಮರೂಪ ತ್ರಿಭುಜದ ಪಾಠ. ಮೇಷ್ಟ್ರುಗಳು ಬೇಸರ ಮಾಡಿಕೊಳ್ಳುವ ಹಾಗಿಲ್ಲ.

ನಾನು ಎಂಟನೇ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನ ಮೇಷ್ಟ್ರು ಹಂಪಿಗೆ ಕರೆದುಕೊಂಡು ಹೋಗಿದ್ದರು. ವಿರೂಪಾಕ್ಷ ದೇವಸ್ಥಾನದ ಹಿಂಭಾಗದಲ್ಲಿ ಒಂದು ಕತ್ತಲೆಯ ಜಾಗ ಇದೆಯಲ್ಲ, ಸಣ್ಣ ಕಿಂಡಿಯಿಂದ ಬಂದ ಬೆಳಕು ಗೋಡೆಯ ಮೇಲೆ ಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದಲ್ಲ, ಅಲ್ಲಿಗೆ. ಎಲ್ಲರೂ ಅದನ್ನು ಗೋಪುರದ ನೆರಳು ಎನ್ನುತ್ತಾರೆ. ನೆರಳಲ್ಲ, ಅದು ಚಿತ್ರ. ಮೇಷ್ಟ್ರು ತಮ್ಮ ಹೆಗಲ ಮೇಲಿನ ಬಿಳಿ ಟವೆಲ್ ತೆಗೆದು ಗೋಡೆಗೂ ಕಿಂಡಿಗೂ ನಡುವೆ ಹಿಡಿದರು. ಟವೆಲ್ ಕಿಂಡಿಯ ಹತ್ತಿರ ಹೋದಂತೆ ಗೋಪುರ ಚಿಕ್ಕದಾಯಿತು, ಆದರೆ ಬೆಳಕು ಜಾಸ್ತಿಯಾಯಿತು. ದೂರ ಸರಿಸಿದಾಗ ಗೋಪುರ ದೊಡ್ಡದಾಗಿ ಮಬ್ಬಾಯಿತು. ನಾವು ಚಪ್ಪಾಳೆ ತಟ್ಟಿದೆವು. ಒಳಗಿದ್ದ ಒಬ್ಬರು ಸುಮ್ಮನಿರ್ರಪಾ ಎಂದು ಗದರಿದರು.

ಕಿಂಡಿಯಿಂದ ಟವೆಲ್‌ಗೆ ಇರುವ ಆ ದೂರವೇ ಕ್ಯಾಮೆರಾದಲ್ಲಿ ಫೋಕಲ್ ಲೆಂತ್. ನಿಮ್ಮ ಪುಸ್ತಕದಲ್ಲಿ ಸಂಗಮ ದೂರ ಎಂದಿದೆ. ಲೆನ್ಸಿನ ಮೇಲೆ 24 ಎಂಎಂ, 50 ಎಂಎಂ, 200 ಎಂಎಂ ಎಂದು ಬರೆದಿರುವುದು ಅದನ್ನೇ. ಸಂಖ್ಯೆ ಚಿಕ್ಕದಾದರೆ ವಸ್ತು ಚಿಕ್ಕದಾಗಿ ಬೀಳುತ್ತದೆ, ಸುತ್ತಲಿನದೆಲ್ಲ ಒಳಗೆ ಬರುತ್ತದೆ. ದೊಡ್ಡದಾದರೆ ವಸ್ತು ದೊಡ್ಡದು, ಸುತ್ತಲಿನದು ಹೊರಗೆ. 36 ಮಿಲಿಮೀಟರ್ ಅಗಲದ ಫುಲ್ ಫ್ರೇಮ್ ಸೆನ್ಸಾರಿನಲ್ಲಿ 24ರ ಲೆನ್ಸ್ ಅಡ್ಡಕ್ಕೆ ಸುಮಾರು 74 ಡಿಗ್ರಿ ನೋಡುತ್ತದೆ, 50ರದು 40 ಡಿಗ್ರಿ, 85ರದು 24, 200ರದು ಹತ್ತೇ ಡಿಗ್ರಿ. ನನ್ನಂಥವರು ಮೊದಲು ಕೊಳ್ಳುವ ಅಗ್ಗದ ಕ್ಯಾಮೆರಾದಲ್ಲಿ ಸೆನ್ಸಾರ್ ಚಿಕ್ಕದು. ಅದರ ಜೊತೆ ಬರುವ 18-55 ಲೆನ್ಸನ್ನು ಒಂದೂವರೆಯಿಂದ ಗುಣಿಸಿ ಸುಮಾರು 27-82 ಎಂದು ತಿಳಿದುಕೊಳ್ಳಬೇಕು. ಮೊಬೈಲಿನ ಮುಖ್ಯ ಕಣ್ಣು ಇದೇ ಲೆಕ್ಕದಲ್ಲಿ 24ರಿಂದ 26ರ ಹತ್ತಿರ ಇರುತ್ತದೆ.

ಇಷ್ಟು ಗೊತ್ತಾದ ಮೇಲೂ ನಾನು ಐದಾರು ವರ್ಷ ತಪ್ಪು ತಿಳಿದುಕೊಂಡಿದ್ದೆ. ಮುಖ ಚೆನ್ನಾಗಿ ಬರುವುದು, ಕೆಟ್ಟದಾಗಿ ಬರುವುದು ಲೆನ್ಸಿನ ಗುಣ ಎಂದು.

ಕ್ಯಾಮೆರಾ ಕೊಂಡ ಹೊಸತರಲ್ಲಿ ಕಂಪ್ಲಿಗೆ, ನಮ್ಮ ಅವ್ವನ ತವರಿಗೆ ಹೋಗಿದ್ದೆ. ಅಜ್ಜಿ ಪಡಸಾಲೆಯಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಮೊರದ ಮುಂದೆಯೇ ಕುಕ್ಕರಗಾಲಲ್ಲಿ ಕೂತು, ಲೆನ್ಸನ್ನು 18ಕ್ಕೆ ತಿರುಗಿಸಿ, ಒಂದೂವರೆ ಅಡಿಯಿಂದ ಫೋಟೋ ತೆಗೆದೆ. ಹೆಮ್ಮೆಯಿಂದ ತೋರಿಸಿದೆ. ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿ, “ಯಾರಪಾ ಈಕಿ? ನನ್ ಮೂಗು ಇಷ್ಟ್ ದೊಡ್ಡದೈತೇನು?” ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಆಮೇಲೆ ಎರಡು ವರ್ಷ ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು.

ಏನಾಗಿತ್ತು ಎಂದು ಲೆಕ್ಕ ಹಾಕಿ ನೋಡೋಣ. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರ್ ಅಂತರ. ನಾನು ಮೂಗಿನಿಂದ 40 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿಯಿಂದ 52. ಅಂದರೆ ಕಿವಿಗೆ ಹೋಲಿಸಿದರೆ ಮೂಗು ನೂರಕ್ಕೆ ಮೂವತ್ತರಷ್ಟು ಹಿಗ್ಗಿತು. ಅದೇ ಎರಡು ಮೀಟರ್ ಹಿಂದೆ ಸರಿದಿದ್ದರೆ 200ಕ್ಕೆ 212, ವ್ಯತ್ಯಾಸ ಬರೀ ಆರು. ಈ ಲೆಕ್ಕದಲ್ಲಿ ಲೆನ್ಸಿನ ಸಂಖ್ಯೆ ಎಲ್ಲಿಯೂ ಬರಲಿಲ್ಲ, ಗಮನಿಸಿ. ಮುಖದ ಆಕಾರ ತೀರ್ಮಾನವಾಗುವುದು ನಾವು ಎಷ್ಟು ದೂರ ನಿಂತಿದ್ದೇವೆ ಎಂಬುದರಿಂದ ಮಾತ್ರ. ಅಷ್ಟು ದೂರದಿಂದ ಮುಖ ಚೌಕಟ್ಟಿನ ತುಂಬ ಬರಬೇಕೆಂದರೆ ಎಂಬತ್ತು ಎಂಬತ್ತೈದರ ಸುತ್ತಿನ ಲೆನ್ಸ್ ಬೇಕು. ಅದಕ್ಕೇ ಅದನ್ನು ಪೋರ್ಟ್ರೇಟ್ ಲೆನ್ಸ್ ಎನ್ನುವುದು. ನಗೆಯ ವಿಷಯವೆಂದರೆ ನನ್ನ 18-55 ಲೆನ್ಸನ್ನು ಇನ್ನೊಂದು ತುದಿಗೆ ತಿರುಗಿಸಿದ್ದರೆ ಅದೇ 82 ಆಗುತ್ತಿತ್ತು. ಒಂದು ರೂಪಾಯಿ ಖರ್ಚಿಲ್ಲ. ನಾಲ್ಕು ಹೆಜ್ಜೆ ಹಿಂದೆ ಹೋಗುವುದಷ್ಟೇ ಬೇಕಿತ್ತು. ಮೊಬೈಲಿನವರು 2x ಒತ್ತಿ ಹಿಂದೆ ಸರಿಯಿರಿ, 3x ಇದ್ದರೆ ಇನ್ನೂ ಒಳ್ಳೆಯದು. ಕೈ ಚಾಚಿ ತೆಗೆದ ಸೆಲ್ಫಿಯಲ್ಲಿ ಮುಖ ಉಬ್ಬಿರುವುದು ನಿಮ್ಮ ತಪ್ಪಲ್ಲ, ನಿಮ್ಮ ತೋಳಿನ ಉದ್ದದ ತಪ್ಪು.

ಕಟ್ಟಡಕ್ಕೂ ಇದೇ ಮಾತು. ಹಂಪಿ ಬಜಾರಿಗೆ ಹೋಗಿ. ಒಂಬತ್ತು ನೆಲೆಯ ಪೂರ್ವದ ಗೋಪುರ ಸುಮಾರು 50 ಮೀಟರ್ ಎತ್ತರ. ಎದುರು ಬಸವಣ್ಣನ ತನಕ ಬೀದಿ ಸುಮಾರು 700 ಮೀಟರ್ ಉದ್ದ. ಬಂದವರೆಲ್ಲ ಗೋಪುರದ ಬುಡಕ್ಕೆ ಹೋಗಿ, ಕತ್ತೆತ್ತಿ, ಮೊಬೈಲ್ ಎತ್ತಿ ತೆಗೆಯುತ್ತಾರೆ. ಗೋಪುರ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಕ್ಯಾಮೆರಾ ವಾಲಿಸದೆ ನೇರ ಹಿಡಿದರೆ ಗೋಪುರವೂ ನೆಟ್ಟಗೆ ನಿಲ್ಲುತ್ತದೆ. ಆಗ ಕಳಸದವರೆಗೆ ಬರಬೇಕೆಂದರೆ ಎಷ್ಟು ದೂರ ನಿಲ್ಲಬೇಕು? ಎತ್ತರವನ್ನು ಫೋಕಲ್ ಲೆಂತ್‌ನಿಂದ ಗುಣಿಸಿ, ಉದ್ದಕ್ಕೆ ಹಿಡಿದ ಸೆನ್ಸಾರಿನ ಅರ್ಧದಿಂದ, ಅಂದರೆ 18 ಮಿಲಿಮೀಟರಿನಿಂದ ಭಾಗಿಸಿ. 24ರ ಲೆನ್ಸಿಗೆ ಸುಮಾರು 65 ಮೀಟರ್, 50ರದಕ್ಕೆ 135, 200ರದಕ್ಕೆ 540. ಮೂರೂ ಜಾಗ ಅದೇ ಬೀದಿಯಲ್ಲಿವೆ! ಒಂದು ಭಾನುವಾರ ಬೆಳಿಗ್ಗೆ ನಾನು ಮೂರೂ ಕಡೆ ನಿಂತು ತೆಗೆದೆ. ಮೂರರಲ್ಲೂ ಗೋಪುರ ಒಂದೇ ಅಳತೆ, ಉಳಿದದ್ದೆಲ್ಲ ಬೇರೆ. ಹತ್ತಿರದ ಚಿತ್ರದಲ್ಲಿ ನನ್ನ ಮುಂದೆ ಹೋಗುತ್ತಿದ್ದ ಹಣ್ಣುಕಾಯಿ ಬುಟ್ಟಿಯ ಹೆಂಗಸು ದೊಡ್ಡವಳು, ಗೋಪುರದ ಬಾಗಿಲಲ್ಲಿರುವ ಜನ ಇರುವೆ. ಮಧ್ಯದ್ದು ಕಣ್ಣಿಗೆ ಕಂಡ ಹಾಗೆಯೇ. ಬಸವಣ್ಣನ ಕಡೆಯಿಂದ ತೆಗೆದದ್ದರಲ್ಲಿ ಎರಡೂ ಬದಿಯ ಕಲ್ಲಿನ ಮಂಟಪಗಳ ಕಂಬಗಳು ಒಂದರ ಮೇಲೊಂದು ಒತ್ತಿಕೊಂಡು, ಇಡೀ ಬೀದಿ ಗೋಪುರಕ್ಕೆ ಅಂಟಿಕೊಂಡಂತಿತ್ತು. ಜಾತ್ರೆಯ ದಿನ ಜನಸಾಗರ ತೋರಿಸಬೇಕಾದರೆ ಪತ್ರಿಕೆಯವರು ಮಾಡುವುದು ಇದನ್ನೇ.

ನಿಲ್ಲುವ ಜಾಗ ಎಷ್ಟು ಮುಖ್ಯ ಎಂಬುದಕ್ಕೆ ಹಂಪಿಯಲ್ಲೇ ದೊಡ್ಡ ಸಾಕ್ಷಿ ಇದೆ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಇಲ್ಲಿಗೆ ಬಂದು ಫೋಟೋ ತೆಗೆದ. ಆಗ ಫಿಲ್ಮ್ ರೋಲ್ ಇಲ್ಲ. ಮೇಣ ಸವರಿದ ಕಾಗದವೇ ನೆಗೆಟಿವ್, ಅದೂ ಒಂದಡಿಗಿಂತ ದೊಡ್ಡದು. ಅಷ್ಟು ದೊಡ್ಡ ಕಾಗದ ಹಿಡಿಸುವ ಮರದ ಪೆಟ್ಟಿಗೆ ಹೊತ್ತು ಈ ಬಂಡೆಗಳ ನಡುವೆ ಅಲೆದಿದ್ದಾನೆ. ಬೇಕಾದಾಗ ಲೆನ್ಸ್ ಬದಲಿಸುವ ಸುಖ ಅವನಿಗೆಲ್ಲಿ? ಕಾಲಿನಿಂದಲೇ ಚೌಕಟ್ಟು ಹಾಕಿದ. 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಎಂಬ ವಿದ್ವಾಂಸರು ಹಂಪಿಯ ಅಧ್ಯಯನ ನಡೆಸುತ್ತಿದ್ದರಲ್ಲ, ಅವರೊಂದಿಗೆ ಬಂದ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಅಂಥ ಕೆಲಸದಲ್ಲಿ ಲೆನ್ಸ್ ಸ್ವಲ್ಪ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ, ಪ್ರಿಂಟನ್ನು ಕತ್ತರಿಸಿ ಹೊಂದಿಸಬಹುದು. ಆದರೆ ಒಂದು ಮೀಟರ್ ಪಕ್ಕಕ್ಕೆ ನಿಂತರೆ ಮುಂದಿನ ಕಂಬ ಹಿಂದಿನ ಗೋಪುರವನ್ನು ಮುಚ್ಚಿಬಿಡುತ್ತದೆ. ಅದನ್ನು ಯಾವ ಲೆನ್ಸೂ, ಈಗಿನ ಯಾವ ಸಾಫ್ಟ್‌ವೇರೂ ನೆಟ್ಟಗೆ ಮಾಡಲಾರದು. ಇದನ್ನು ಒಬ್ಬ ಸಾಫ್ಟ್‌ವೇರಿನವನೇ ಹೇಳುತ್ತಿದ್ದಾನೆ, ನಂಬಿ.

ಆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ಏನು ಕಾಣುತ್ತದೆ ಗೊತ್ತೇ? ವಿಠ್ಠಲ ದೇವಸ್ಥಾನದ ಕಲ್ಲಿನ ರಥ, ನಿಮ್ಮ ಜೇಬಿನ 50 ರೂಪಾಯಿ ನೋಟಿನ ಮೇಲಿದೆಯಲ್ಲ ಅದು, 1856ರಲ್ಲಿ ಈಗಿನಂತೆ ಇರಲಿಲ್ಲ. ಅದರ ಮೇಲೆ ಇಟ್ಟಿಗೆಯ ಶಿಖರ ಇತ್ತು. ಆಮೇಲೆ ಅದು ಹೋಯಿತು. ಗ್ರೀನ್‌ಲಾನ ಫೋಟೋ ಇರದಿದ್ದರೆ ಅದು ಹೇಗಿತ್ತೆಂದು ನಾವು ಇಷ್ಟು ಸ್ಪಷ್ಟವಾಗಿ ನೋಡಲಾಗುತ್ತಿರಲಿಲ್ಲ. ನಮ್ಮ ಶಾಲೆಯ ಹಳೆಯ ಕಟ್ಟಡವನ್ನೂ ಯಾರಾದರೂ ಪ್ರತಿ ವರ್ಷ ಒಂದೇ ಜಾಗದಿಂದ ತೆಗೆದಿಡಬಾರದೇ ಎಂದು ನನಗೆ ಆಸೆ. ಧ್ವಜಸ್ತಂಭದ ಕಟ್ಟೆಯಿಂದ ತೆಗೆದರೆ ಆಯಿತು. ಜಾಗ ಮರೆಯುವುದಿಲ್ಲ.

ಆದರೆ ನಿಲ್ಲುವ ಜಾಗ ನಮ್ಮ ಕೈಯಲ್ಲಿಲ್ಲದ ಸಂದರ್ಭಗಳೂ ಇವೆ. ಅಲ್ಲಿ ಲೆನ್ಸೇ ಗತಿ. ಕಡಲೆಕಾಳು ಗಣೇಶನ ಗರ್ಭಗುಡಿಯಲ್ಲಿ ಹಿಂದೆ ಸರಿಯಲು ಜಾಗವಿಲ್ಲ, ವೈಡ್ ಲೆನ್ಸ್ ಇಲ್ಲದಿದ್ದರೆ ಹೊಟ್ಟೆ ಮಾತ್ರ ಬರುತ್ತದೆ. ಉಗ್ರನರಸಿಂಹನ ಮುಂದೆ ಹಾಗಲ್ಲ, ಹಿಂದೆ ಬೇಕಾದಷ್ಟು ಬಯಲಿದೆ. ಅಲ್ಲೂ ವೈಡ್ ಹಾಕಿಕೊಂಡು ಹತ್ತಿರ ನುಗ್ಗಿದರೆ ಮೊಣಕಾಲು ದೊಡ್ಡದಾಗಿ ಮುಖ ಚಿಕ್ಕದಾಗುತ್ತದೆ. ಅಷ್ಟು ಎತ್ತರದ ಮೂರ್ತಿಯ ಉಗ್ರ ಮುಖವೇ ಹೋದ ಮೇಲೆ ಉಳಿಯುವುದೇನು? ಹಿಂದೆ ಹೋಗಿ, 70 ಅಥವಾ 85 ಹಾಕಿ.

ದರೋಜಿ ಕರಡಿಧಾಮದಲ್ಲಂತೂ ನಮ್ಮ ಮಾತು ನಡೆಯುವುದೇ ಇಲ್ಲ. ವೀಕ್ಷಣಾ ಗೋಪುರದಿಂದ ಕೆಳಗಿಳಿಯುವಂತಿಲ್ಲ. ಒಂದೂವರೆ ಮೀಟರ್ ಉದ್ದದ ಕರಡಿ 150 ಮೀಟರ್ ದೂರದ ಬಂಡೆಯ ಮೇಲೆ ಬಂದಿತು ಎನ್ನಿ. 55ರ ಲೆನ್ಸಿನಲ್ಲಿ ಅದು ಸೆನ್ಸಾರಿನ ಮೇಲೆ ಅರ್ಧ ಮಿಲಿಮೀಟರ್. ಸಾಸಿವೆ ಕಾಳಿಗಿಂತ ಚಿಕ್ಕದು. 300ರದರಲ್ಲಿ ಮೂರು ಮಿಲಿಮೀಟರ್, ಆಗ ಕರಡಿ ಎಂದು ಹೇಳಬಹುದು. ಅಂಥ ಲೆನ್ಸ್ ದುಬಾರಿ. ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ, ನಾನು ಹಾಗೇ ಮಾಡುತ್ತೇನೆ. ಇಲ್ಲದಿದ್ದರೆ ಬೈನಾಕ್ಯುಲರ್‌ನಲ್ಲಿ ನೋಡಿ ಸಂತೋಷಪಡುವುದು. ಅದೇನೂ ಕಡಿಮೆಯದಲ್ಲ.

ಸಂಡೂರಿಗೆ ಹೋಗೋಣ. ಮಳೆಗಾಲ ಮುಗಿಯುವಾಗ ಆ ಬೆಟ್ಟಗಳನ್ನು ನೋಡಬೇಕು. ನಿಸರ್ಗ ಎಂದರೆ ವೈಡ್ ಲೆನ್ಸ್ ಎಂದು ಎಲ್ಲರೂ ಹೇಳಿಕೊಡುತ್ತಾರೆ. ನಾನು 18ರಲ್ಲಿ ತೆಗೆದ ಮೊದಲ ಚಿತ್ರದಲ್ಲಿ ಅರ್ಧ ರಸ್ತೆ, ಅರ್ಧ ಆಕಾಶ, ನಡುವೆ ಹಸಿರು ಗೆರೆಯಷ್ಟೇ ಸಂಡೂರು ಬೆಟ್ಟ. ನಾರಿಹಳ್ಳದ ಜಲಾಶಯದ ಈಚೆ ದಡದಿಂದ ನೂರರ ಸುತ್ತಿನ ಲೆನ್ಸಿನಲ್ಲಿ ತೆಗೆದಾಗ ಒಂದರ ಹಿಂದೊಂದು ಸಾಲುಗಳು ಎದ್ದು ನಿಂತವು. ಆದರೆ ಇಲ್ಲಿ ಒಂದು ಪ್ರಶ್ನೆಯೂ ಎದ್ದಿತು. ಚೌಕಟ್ಟು ಕಿರಿದಾದಷ್ಟೂ ಏನನ್ನು ಬಿಡಬೇಕು ಎಂಬ ಅಧಿಕಾರ ನಮ್ಮದಾಗುತ್ತದೆ. ಸ್ವಲ್ಪ ಎಡಕ್ಕೆ ತಿರುಗಿಸಿದರೆ ಮಲೆನಾಡು. ಬಲಕ್ಕೆ ತಿರುಗಿಸಿದರೆ ಗಣಿ ಅಗೆದ ಕೆಂಪು ಗಾಯ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ನಾನು ಬಿಇ ಓದುತ್ತಿದ್ದೆ. ಲಾರಿ ನಂಬಿ ಬದುಕಿದ್ದ ಮನೆಗಳಿಂದ ಬಂದ ಗೆಳೆಯರು ನನಗಿದ್ದರು, ದೂಳು ಕುಡಿದು ಬೆಳೆದವರೂ ಇದ್ದರು. ಹಾಗಾಗಿ ನಾನು ಎರಡೂ ಚಿತ್ರ ತೆಗೆದು ಜೊತೆಯಾಗಿಯೇ ಇಟ್ಟಿದ್ದೇನೆ. ಒಂದನ್ನು ಮಾತ್ರ ಯಾರಿಗೂ ಕಳಿಸುವುದಿಲ್ಲ.

ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಇದೆ, ನಿಮಗೆ ಗೊತ್ತಿರಬಹುದು. ಅದರ ಹೊಲಿಗೆ, ಕನ್ನಡಿ, ಕವಡೆ ತೆಗೆಯಲು ಮೊಬೈಲನ್ನು ಬಟ್ಟೆಯ ಹತ್ತಿರ ಒಯ್ದೆ. ಪ್ರತಿ ಕನ್ನಡಿಯಲ್ಲೂ ನನ್ನ ಕಪ್ಪು ಕೈ! ಹೊಲಿಯುತ್ತಿದ್ದ ತಾಯಿ ನಕ್ಕು, “ನಿನ್ನ ಫೋಟೋನ ತಗದಿ ಬಿಡಪಾ” ಎಂದಳು. ಸಣ್ಣದನ್ನು ದೊಡ್ಡದಾಗಿ ತೋರಿಸುವ ಮ್ಯಾಕ್ರೋ ಲೆನ್ಸುಗಳಲ್ಲಿ 50-60ರದೂ ಇದೆ, 100ರದೂ ಇದೆ. ಎರಡೂ ಅಷ್ಟೇ ದೊಡ್ಡದಾಗಿ ತೋರಿಸುತ್ತವೆ. ಆದರೆ 100ರದು ಗೇಣಿನಷ್ಟು ದೂರದಿಂದ ತೆಗೆಯುತ್ತದೆ, ಬೆಳಕು ಬೀಳಲು ಜಾಗ ಬಿಡುತ್ತದೆ. ಮೊಬೈಲಿನಲ್ಲೂ 2x ಇಟ್ಟು, ದೂರ ಸರಿದು, ಕಿಟಕಿಯ ಬೆಳಕನ್ನು ಓರೆಯಾಗಿ ಬೀಳಿಸಿದರೆ ದಾರದ ಎಳೆ ಎಳೆ ಕಾಣುತ್ತದೆ. ಹಜಾರರಾಮ ದೇವಸ್ಥಾನದ ಗೋಡೆಯ ಆನೆ ಕುದುರೆ ಸಾಲುಗಳಿಗೂ ಇದೇ ಓರೆ ಬೆಳಕು ಬೇಕು.

ಇನ್ನು ನನ್ನ ದೊಡ್ಡ ತಪ್ಪನ್ನು ಹೇಳಿಬಿಡುತ್ತೇನೆ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುವುದು ನಮಗೆ ಹೊಸದಲ್ಲ. ಅಂಥ ಒಂದು ಮಳೆಗಾಲದ ಸಂಜೆ ನಾನು ಬಾಡಿಗೆಯ ಉದ್ದ ಲೆನ್ಸ್ ಹಿಡಿದು ಸುಮಾರು ಒಂದು ಕಿಲೋಮೀಟರ್ ದೂರದ ದಿಬ್ಬದಲ್ಲಿದ್ದೆ. ಮುಂದೆ ಕೆಂಪು ನೀರು, ಹಿಂದೆ ಅಜ್ಜಿಯ ಓಣಿಯ ಮನೆಗಳು. ಚಿತ್ರ ಅದ್ಭುತವಾಗಿ ಬಂತು. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ, ಏನೂ ಬರೆಯಲಿಲ್ಲ. ನೀರಿಗೂ ಮನೆಗಳಿಗೂ ನಡುವೆ ಇನ್ನೂರು ಮೀಟರ್ ಗದ್ದೆ ಇತ್ತು. ಒಂದು ಸಾವಿರ ಮೀಟರಿನಿಂದ ನೋಡುವವನಿಗೆ ಆ ಇನ್ನೂರು ಎಷ್ಟು ಕಾಣುತ್ತದೆ? ನೀರು ಹೊಸ್ತಿಲಿಗೆ ತಾಗಿದಂತೆ ಇತ್ತು.

ದಾವಣಗೆರೆಯಲ್ಲಿದ್ದ ಮಾವ ಅದನ್ನು ನೋಡಿ ಅಜ್ಜಿಗೆ ಫೋನ್ ಹಚ್ಚಿದ್ದಾನೆ. ಹತ್ತಿಲ್ಲ. ಆ ಮಳೆಯಲ್ಲಿ, ಆ ಕತ್ತಲೆಯಲ್ಲಿ ಕಾರು ತೆಗೆದುಕೊಂಡು ಹೊರಟುಬಿಟ್ಟಿದ್ದಾನೆ. ದಾರಿಯಲ್ಲಿ ಒಂದು ಹಳ್ಳದ ಹತ್ತಿರ ಕಾರು ರಸ್ತೆ ಬಿಟ್ಟು ಕೆಳಗಿಳಿದು, ಯಾರೋ ಟ್ರ್ಯಾಕ್ಟರಿನವರು ಎಳೆದರಂತೆ. ಬೆಳಗಿನ ಜಾವ ಕಂಪ್ಲಿ ಮುಟ್ಟಿದಾಗ ಅಜ್ಜಿ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದಳು. ಮಾವ ನನಗೆ ಬೈಯಲಿಲ್ಲ. “ಫೋಟೋನೂ ಸುಳ್ಳು ಹೇಳ್ತದೇನೋ ತಮ್ಮಾ?” ಎಂದಷ್ಟೇ ಕೇಳಿದ. ನಾನು ಫೋಕಲ್ ಲೆಂತ್ ವಿವರಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಅದೇ ಜಾಗದಿಂದ ಮೊಬೈಲಿನ ಸಾದಾ ಕಣ್ಣಿನಲ್ಲೂ ಒಂದು ತೆಗೆದು ಜೊತೆಗೆ ಹಾಕಿದ್ದರೆ ನಾನು ಎಷ್ಟು ದೂರದಲ್ಲಿದ್ದೇನೆಂದು ತಿಳಿಯುತ್ತಿತ್ತು. ಗದ್ದೆಯ ಅಂಚಿಗೆ ನಡೆದು ತೆಗೆದಿದ್ದರೆ ಗದ್ದೆಯೇ ಕಾಣುತ್ತಿತ್ತು. ಒಂದು ಸಾಲು ಬರೆದಿದ್ದರೂ ಸಾಕಿತ್ತು. ನೀವೂ ನಾಳೆ ನೀರಿನದು, ಬೆಂಕಿಯದು, ಗಲಾಟೆಯದು ಫೋಟೋ ಕಳಿಸುವಾಗ ಎಲ್ಲಿ ನಿಂತು ತೆಗೆದದ್ದು ಎಂದು ಬರೆಯಿರಿ.

ಆ ಬೆಳಿಗ್ಗೆ ನಾನೂ ಕಂಪ್ಲಿಗೆ ಹೋದೆ. ಮಾವನಿಗೆ ಚಹಾ ಕೊಟ್ಟು ಅಜ್ಜಿ ಬಾಗಿಲ ಹತ್ತಿರ ಕೂತಿದ್ದಳು. ಪಡಸಾಲೆಯ ಈ ಗೋಡೆಗೆ ಬೆನ್ನು ಹಚ್ಚಿ, ಹಳೆಯ 18-55ನ್ನು 55ಕ್ಕೆ ತಿರುಗಿಸಿ ಒಂದು ತೆಗೆದೆ. ಅವಳು ಮಗನ ಕಡೆ ನೋಡುತ್ತಿದ್ದಳು, ಸೆರಗು ಎಳೆದುಕೊಳ್ಳುವುದು ಮರೆತಿದ್ದಳು. ತೋರಿಸಿದೆ. “ಹಾಂ, ಇದು ನಾನಾ” ಎಂದಳು. ಆ ಫೋಟೋ ಈಗ ಅದೇ ಪಡಸಾಲೆಯಲ್ಲಿ ಇದೆ.

ಕೊನೆಯದಾಗಿ ಗ್ರೂಪ್ ಫೋಟೋ ವಿಷಯ. ನಮ್ಮ ಬ್ಯಾಚಿನ ಫೋಟೋದಲ್ಲಿ ಎಡತುದಿಯಲ್ಲಿ ಒಬ್ಬ ದಪ್ಪ ಹುಡುಗ ಇದ್ದಾನೆ, ಅದು ನಾನು. ಆಗ ನನ್ನ ತೂಕ 38 ಕೆಜಿ. ತೆಗೆದವರನ್ನು ದೂರುವುದಿಲ್ಲ, ಅವತ್ತು ಮೈದಾನದಲ್ಲಿ ಮಳೆನೀರು ನಿಂತು ಹಿಂದೆ ಸರಿಯಲು ಜಾಗವಿರಲಿಲ್ಲ, ವೈಡ್ ಲೆನ್ಸ್ ಹಾಕಿದರು. 24ರ ಲೆನ್ಸಿನಲ್ಲಿ ಅಂಚಿನಲ್ಲಿರುವ ತಲೆ ಕಾಲು ಭಾಗ ಅಗಲವಾಗುತ್ತದೆ, 50ರದರಲ್ಲಿ ನೂರಕ್ಕೆ ಆರು ಮಾತ್ರ. ಹದಿನೈದು ಜನರ ಮೂರು ಸಾಲು ಎಂದರೆ ಏಳೂವರೆ ಮೀಟರ್ ಅಗಲ. 50ಕ್ಕೆ ಹನ್ನೆರಡು ಮೀಟರ್ ದೂರ ಬೇಕು. ಹಿಂದಿನ ಸಾಲಿನವರ ತಲೆ ಚಿಕ್ಕದಾಗುವುದೂ ಆಗ ಕಡಿಮೆಯಾಗುತ್ತದೆ.

ಇವತ್ತು ಮಳೆ ಇಲ್ಲ. ಊಟವಾದ ಮೇಲೆ ನಮ್ಮ ಬ್ಯಾಚಿನವರೆಲ್ಲ ಅದೇ ಮೆಟ್ಟಿಲ ಹತ್ತಿರ ಬನ್ನಿ, ಮೇಷ್ಟ್ರುಗಳಿಗೆ ಮುಂದೆ ಕುರ್ಚಿ ಹಾಕಿಸಿದ್ದೇನೆ. 50ರ ಲೆನ್ಸ್ ಹಾಕಿದ ಕ್ಯಾಮೆರಾವನ್ನು ಆ ಬೇವಿನ ಮರದ ಬುಡದಲ್ಲಿ ಸ್ಟ್ಯಾಂಡಿಗೆ ಏರಿಸಿಟ್ಟಿದ್ದೇನೆ, ಹತ್ತನೇ ತರಗತಿಯ ಇಬ್ಬರು ಹುಡುಗಿಯರು ಬಟನ್ ಒತ್ತುತ್ತಾರೆ. ಎಡತುದಿಯ ಜಾಗ ಮಾತ್ರ ನನಗೇ ಬಿಡಿ.